ಗರ್ಲ್ಸ್ ಸ್ಕೂಲೋ, ಕೋ-ಎಡ್ಡೋ: ಕೌನ್ಸೆಲರ್ ಮೇಡಂ ಜೊತೆ ರವಿವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಪೂರ್ತಿ ಮುಂಬೈ, ಪುಣೆ, ಗೋವಾ ಕನ್ನಡಿಗರ ನಮ್ಮ ಈ ಗುಂಪಿನಲ್ಲಿ ಒಂದೇ ಮಾತು, ಮಗಳನ್ನು ಎಂಥ ಶಾಲೆಗೆ ಹಾಕೋದು ಅಂತ. ಅದಕ್ಕೇ ಇವತ್ತು ಸಂಜೆ 7ರಿಂದ ಮೇಡಂ ನಮ್ಮ ಜೊತೆ ಇರ್ತಾರೆ. ಪುಣೆಯಲ್ಲಿ 23 ವರ್ಷದಿಂದ ಶಾಲಾ ಕೌನ್ಸೆಲರ್. ಮೊದಲ 9 ವರ್ಷ ಹುಡುಗಿಯರ ಶಾಲೆಯಲ್ಲಿ, ಆಮೇಲೆ ಹುಡುಗ ಹುಡುಗಿಯರು ಒಟ್ಟಿಗೆ ಓದೋ ಕೋ-ಎಡ್‌ನಲ್ಲಿ. ಮಕ್ಕಳ ಹೆಸರು, ಶಾಲೆಯ ಹೆಸರು ಯಾರೂ ಹಾಕಬೇಡಿ, ನಿಮ್ಮ ಹೆಸರಿನ ಬದಲು ನೀವಿರೋ ಜಾಗದ ಹೆಸರು ಸಾಕು. ಫಾರ್ವರ್ಡ್ ಬೇಡವೇ ಬೇಡ.

ಹಡಪ್ಸರ್: ನಮಸ್ಕಾರ್ರೀ ಮೇಡಂ. ಮಗಳು ಈ ವರ್ಷ ನಾಕನೇ ಇಯತ್ತೆ ಮುಗಸ್ತಾಳ್ರಿ. ಮುಂದ ಗರ್ಲ್ಸ್ ಸ್ಕೂಲ್ ಚಲೋನೋ, ಕೋ-ಎಡ್ ಚಲೋನೋ? ನಮ್ಮವ್ವ ಗರ್ಲ್ಸ್ ಅಂತಾಳ, ಮನ್ಯಾಕಿ ಕೋ-ಎಡ್ ಅಂತಾಳ.

ಮೇಡಂ: ನಮಸ್ಕಾರ. ಬರೀ ಮಾರ್ಕ್ಸ್ ಸಲುವಾಗಿ ಕೇಳ್ತಿದ್ರೆ, ಇದರ ಮೇಲೆ ನಿದ್ದೆ ಕೆಡಿಸ್ಕೋಬೇಡಿ. 2014ರಲ್ಲಿ 21 ದೇಶಗಳ 184 ಅಧ್ಯಯನಗಳನ್ನು, ಸುಮಾರು 16 ಲಕ್ಷ ಮಕ್ಕಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಮನೆಯ ಅನುಕೂಲ, ಮೊದಲೇ ಜಾಣ ಮಕ್ಕಳನ್ನು ಆರಿಸ್ಕೊಳ್ಳೋದು, ಇವನ್ನೆಲ್ಲ ಕಳೆದು ಲೆಕ್ಕ ಹಾಕಿದ ಅಧ್ಯಯನಗಳಲ್ಲಿ ಅಂತರ ಇಲ್ಲವೆನ್ನುವಷ್ಟು ಸಣ್ಣದು.

ನೀವು ಮಾಡಬೇಕಾದ್ದು ಇಷ್ಟು. ಎರಡೂ ಶಾಲೆಗೆ ಶಾಲೆ ನಡೆಯೋ ದಿನ ಹೋಗಿ, ಮಗಳನ್ನೂ ಕರ್ಕೊಂಡು. ಆಫೀಸಿನಲ್ಲಿ ಕೂಡ್ರಬೇಡಿ. ಹುಡುಗಿಯರ ಟಾಯ್ಲೆಟ್ಟಿಗೆ ನಿಮ್ಮ ಮನೆಯವರು ಒಳಗೆ ಹೋಗಿ ನೋಡಲಿ: ಚಿಲಕ ಬೀಳ್ತದಾ, ನೀರು ಬರ್ತದಾ, ಪ್ಯಾಡ್ ಹಾಕಲು ಡಬ್ಬಿ ಇದೆಯಾ. ಆಟದ ಪೀರಿಯಡ್‌ನಲ್ಲಿ ಮೈದಾನ ಯಾರ ಕೈಯಲ್ಲಿದೆ ಅಂತ ಗೇಟಿನಲ್ಲೇ ಹತ್ತು ನಿಮಿಷ ನಿಂತು ನೋಡಿ. ಗಣಿತ ಕಲಿಸೋರು ಯಾರು, ಎಷ್ಟು ವರ್ಷದಿಂದ ಅಲ್ಲಿದಾರೆ ಕೇಳಿ. ವರ್ಷಕ್ಕೆ ಮೂವರು ಟೀಚರ್ ಬದಲಾಗೋ ಶಾಲೆಯಲ್ಲಿ ಹುಡುಗಿಯರು ಮಾತ್ರ ಇದ್ರೂ ಒಂದೇ, ಹುಡುಗರು ಇದ್ರೂ ಒಂದೇ.

ಠಾಣೆ: ಮೇಡಂ, ಗರ್ಲ್ಸ್ ಸ್ಕೂಲ್ ಒಳ್ಳೇದಾ ಕೋ-ಎಡ್ ಒಳ್ಳೇದಾ?

ಮೇಡಂ: ಈಗಷ್ಟೇ ಬರೆದೆ. ಮೇಲೆ ನೋಡಿ.

ನಿಗಡಿ: ಮೇಡಂ, ಇದು ನಿಜವಾ? ಫಾರ್ವರ್ಡ್: "ಹುಡುಗರ ಪಕ್ಕ ಕುಳಿತು ಓದುವ ಹುಡುಗಿಯರು ಬೇಗ ದೊಡ್ಡವರಾಗುತ್ತಾರೆ. ಹಾರ್ಮೋನ್ ಏರುಪೇರು. ಪರಿಹಾರ: 40 ದಿನ ಬೆಳಿಗ್ಗೆ ಮೆಂತ್ಯದ ನೀರು, ರಾತ್ರಿ ಹಾಲು ಬಂದ್. ಎಲ್ಲ ತಾಯಂದಿರಿಗೂ ಕಳಿಸಿ."

ಮೇಡಂ: ಸುಳ್ಳು. ಹುಡುಗಿ ಯಾವಾಗ ದೊಡ್ಡವಳಾಗ್ತಾಳೆ ಅನ್ನೋದರ ಹಿಂದೆ ಇರೋದು ಮನೆತನದ ರಕ್ತ, ತಿನ್ನೋ ಅನ್ನ, ಮೈತೂಕ. ಪಕ್ಕದ ಬೆಂಚಿನಲ್ಲಿ ಯಾರಿದ್ದಾರೆ ಅನ್ನೋದಲ್ಲ. ಬೆಳೆಯೋ ಹುಡುಗಿಯ ಹಾಲು ಬಿಡಿಸಿ ಅಂತ ಬರೆದವರು ಯಾರು? ಎಂಟು ವರ್ಷ ತುಂಬೋದಕ್ಕೆ ಮೊದಲೇ ಎದೆ ಬೆಳೆಯೋ ಲಕ್ಷಣ ಕಂಡರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಮೆಂತ್ಯ ನೆನೆಸ್ತಾ ಕೂರಬೇಡಿ. ದಯವಿಟ್ಟು ಇದನ್ನ ಮುಂದೆ ಕಳಿಸಬೇಡಿ.

ವಾಕಡ್ ಅಮ್ಮ: ಮೇಡಂ, ನನ್ನ ಮಗಳು ಎಂಟನೇ ಕ್ಲಾಸು, ಕೋ-ಎಡ್. ದೀಪಾವಳಿ ರಜೆ ಆದಮೇಲಿಂದ ಹೊಟ್ಟೆನೋವು ಅಂತಾಳೆ. ಬಾಟಲಿ ನೀರು ಹಾಗೇ ವಾಪಸ್ ಬರುತ್ತೆ. ಮಾತು ಕಮ್ಮಿ ಆಗಿದೆ. ಹುಡುಗರು ರೇಗಿಸ್ತಿರಬೇಕು ಅಂತ ನಮ್ಮವರು ಜೂನ್‌ಗೆ ಗರ್ಲ್ಸ್ ಸ್ಕೂಲಿಗೆ ಹಾಕೋಣ ಅಂತಿದಾರೆ. ಸರಿನಾ?

ಡೊಂಬಿವಲಿ: ಖಂಡಿತ ಹಾಕಿ ಅಕ್ಕ. ಅದೇ ಸರಿ. ಹುಡುಗರಿದ್ದಲ್ಲಿ ಇದೆಲ್ಲ ಇದ್ದದ್ದೇ.

ಮೇಡಂ: ವಾಕಡ್ ಅಮ್ಮ, ಶಾಲೆ ಬದಲಾಯಿಸೋ ಮಾತು ಸ್ವಲ್ಪ ಬದಿಗಿಡಿ. ನೀರು ಕುಡಿಯದೆ ಬರೋದು ನಾನು ಬಹಳ ನೋಡಿದೀನಿ. ಟಾಯ್ಲೆಟ್ಟಿಗೆ ಹೋಗೋ ದಾರಿಯಲ್ಲೇ ಏನೋ ತೊಂದರೆ ಇದ್ದಾಗ ಹುಡುಗಿಯರು ಮೊದಲು ಬಿಡೋದು ನೀರು. ಮೂತ್ರ ಪರೀಕ್ಷೆ ಮಾಡಿಸಿ, ನಾಳೆನೇ. ಎರಡು ವಿಷಯ ಹೇಳಿ. ಹೊಟ್ಟೆನೋವು ದಿನಾ ಇರುತ್ತಾ, ವಾರದಲ್ಲಿ ಕೆಲವು ದಿನ ಮಾತ್ರವಾ? ಹೋಗೋದು ಬರೋದು ಹೇಗೆ?

ವಾಸ್ಕೊ: ನಮಸ್ಕಾರ ಮೇಡಂ. ನಾವು ಬಾಗಲಕೋಟಿ ಕಡಿಯವ್ರು, ವಾಸ್ಕೊದಾಗ ಇದ್ದೀವಿ. ನಮ್ಮ ಓಣ್ಯಾಗ ಒಂದು ಹುಡುಗಿ ಏಳನೇತ್ತೆ ಪಾಸಾಗ್ಯಾಳ. ಶಾಣ್ಯಾ ಹುಡುಗಿ. ಅವರಪ್ಪ ಗೌಂಡಿ ಕೆಲಸ ಮಾಡ್ತಾನ. ಹುಡುಗೂರ ಸಾಲಿಗೆ ಕಳಸಂಗಿಲ್ಲ, ಬರೇ ಹೆಣ್ಮಕ್ಕಳ ಸಾಲಿ ಇದ್ರ ಕಳಸ್ತೀನಿ, ಇಲ್ಲಂದ್ರ ಊರಿಗೆ ಅಜ್ಜಿ ಕಡೆ ಅಂತಾನ. ಊರಿಗೆ ಹೋದ್ರ ಏನಾಗತೈತಿ ನಮಗ ಗೊತ್ತೈತಿ. ನಾ ಏನ್ ಹೇಳ್ಲಿ ಅವಗ?

ಮೇಡಂ: ಹೆಣ್ಣುಮಕ್ಕಳ ಶಾಲೆಗೇ ಹಾಕಿಸಿ. ಬಸ್ಸಿನಲ್ಲಿ ಹೋಗಬೇಕಾದ್ರೂ ಸರಿ. ಆ ಅಪ್ಪನ ಜೊತೆ ವಾದ ಮಾಡಬೇಡಿ, ಅವರು ಒಂದು ಬಾಗಿಲು ತೆಗೆದಿದಾರೆ, ಮೊದಲು ಹುಡುಗಿ ಒಳಗೆ ಹೋಗಲಿ. ಇಂಥ ಮನೆಗಳಿಗೆ ಗರ್ಲ್ಸ್ ಸ್ಕೂಲ್ ಅನ್ನೋದು ಎರಡರಲ್ಲಿ ಒಂದು ಆಯ್ಕೆ ಅಲ್ಲ, ಶಾಲೆಗೂ ಮದುವೆಗೂ ನಡುವೆ ಇರೋ ಗೋಡೆ. ಬಾಡಿಗೆ ಮನೆಯ ಕಾಗದ, ಹಿಂದಿನ ಶಾಲೆಯ ದಾಖಲೆ ಇಲ್ಲ ಅಂತ ವಾಪಸ್ ಕಳಿಸಿದ್ರೆ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಇದೆ ಅಂತ ಹೇಳಿ, ಬಿಡಬೇಡಿ. ಊರಿನಲ್ಲಿ ಮದುವೆ ಮಾತು ಬಂತು ಅಂತ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮ್ಮಂಥ ನೆರೆಯವರು ಇರೋದು ಆ ಹುಡುಗಿಯ ಪುಣ್ಯ.

ಭಾಂಡೂಪ್: ಮುಂಬೈಯಲ್ಲಿ ಕನ್ನಡ ಮಾಧ್ಯಮದ ಗರ್ಲ್ಸ್ ಸ್ಕೂಲ್ ಎಲ್ಲಾದರೂ ಉಂಟಾ ಮೇಡಂ?

ಕೋಥ್ರೂಡ್ ಅಜ್ಜ: ನೋಡ್ರೀ, ವಾಸ್ಕೊದವರ ಮಾತು ಕೇಳಿ ನೆನಪಾತು. ಇದೇ ಪುಣೆದಾಗ 1848ರಾಗ ಭಿಡೆ ವಾಡಾದೊಳಗ ಜ್ಯೋತಿಬಾ ಫುಲೆ, ಅವರ ಹೆಂಡತಿ ಸಾವಿತ್ರಿಬಾಯಿ ಸಾಲಿ ತಗದಾಗ ಹೆಣ್ಮಕ್ಕಳಿಗಂತನ ತಗದರು. 1884ರಾಗ ಸಮಾಜ ಸುಧಾರಕ ರಾನಡೆಯವರು ಹುಜೂರ್‌ಪಾಗಾ ಸಾಲಿ ತಗದರು, ಅದೂ ಹೆಣ್ಮಕ್ಕಳಿಗೇ. ಸುಮ್ಮನ ಅಲ್ಲ ಹಿರಿಯರು ಮಾಡಿದ್ದು.

ಭಾಂಡೂಪ್: ಅಜ್ಜ, ಆಗ ಬೇರೆ ದಾರಿಯೇ ಇರ್ಲಿಲ್ಲ. ಪಾಠ ಹೇಳ್ಲಿಕ್ಕೆ ಹೋಗುವಾಗ ಸಾವಿತ್ರಿಬಾಯಿ ಮೇಲೆ ಸೆಗಣಿ ಎಸೀತಿದ್ರು, ಅವ್ರು ಇನ್ನೊಂದು ಸೀರೆ ಚೀಲದಲ್ಲಿ ಇಟ್ಕೊಂಡು ಹೋಗ್ತಿದ್ರು. ಹುಜೂರ್‌ಪಾಗಾದಲ್ಲಿ ಇಂಗ್ಲಿಷ್, ಗಣಿತ ಹುಡುಗಿಯರಿಗೆ ಯಾಕೆ ಅಂತ ವಿರೋಧ ಮಾಡಿದ್ದು ಯಾರು? ತಿಲಕರು. ಬೇರೆ ಶಾಲೆ ಅಂದ ಕೂಡಲೇ ಬೇರೆ ಪಾಠ ಅಂತ ಬರ್ತದೆ, ಅದನ್ನೂ ಹೇಳಿ.

ಕೋಥ್ರೂಡ್ ಅಜ್ಜ: ತಂಗಿ, ಬೇರೆ ಪಾಠ ಅಂದ್ರ ಕಡಿಮಿ ಪಾಠ ಅಲ್ಲ. ಸುಧಾರಕ ಕರ್ವೆಯವರು 1916ರಾಗ ಹೆಂಗಸರ ವಿದ್ಯಾಪೀಠ ಮಾಡಿದಾಗ ತಾಯಿಭಾಷಾದಾಗ ಕಲಿಸಿದರು. ಎಷ್ಟು ವಿಧವೆಯರು ಕಾಲ ಮ್ಯಾಲ ನಿಂತರು.

ಭಾಂಡೂಪ್: ನಿಂತ್ರು, ಅಲ್ಲ ಅಂತ ಹೇಳಿಲ್ಲ. ಆದ್ರೆ 2022ರಲ್ಲಿ ಕೇರಳದ ಮಕ್ಕಳ ಹಕ್ಕು ಆಯೋಗ ಏನು ಹೇಳ್ತು? ಮುಂದಿನ ವರ್ಷದಿಂದ ಗಂಡು, ಹೆಣ್ಣು ಅಂತ ಬೇರೆ ಶಾಲೆಯೇ ಬೇಡ ಅಂತ. ಅಲ್ಲಿಯವರು ಮುಂದೆ ಹೋದ್ರು, ನಾವು 1884ರಲ್ಲೇ ಇದ್ದೇವೆ.

ಡೊಂಬಿವಲಿ: ಕೇರಳದ್ದು ಬಿಡಿ ಮಾರಾಯ್ರೆ. ಸಿಯೋಲ್‌ನಲ್ಲಿ ಮಕ್ಕಳನ್ನ ಲಾಟರಿ ಹಾಗೆ ಹೈಸ್ಕೂಲಿಗೆ ಹಂಚ್ತಿದ್ರು. ಅಲ್ಲಿ ಗರ್ಲ್ಸ್ ಸ್ಕೂಲಿಗೆ ಬಿದ್ದ ಹುಡುಗಿಯರು ಕಾಲೇಜು ಪರೀಕ್ಷೆಯಲ್ಲಿ ಮೇಲೆ ಬಂದ್ರು. ಮೇಡಂ, ಇದು ನಿಜ ಅಲ್ವಾ?

ಮೇಡಂ: ನಿಜ. 2013ರ ಅಧ್ಯಯನ. ಹುಡುಗರ ಶಾಲೆಗೆ ಬಿದ್ದ ಹುಡುಗರೂ ಮೇಲೆ ಬಂದರು, ಅದನ್ನೂ ಸೇರಿಸಿ ಹೇಳಿ.

ವಾಕಡ್ ಅಮ್ಮ: ಕ್ಷಮಿಸಿ ಮೇಡಂ, ಅಡುಗೆಮನೆಯಲ್ಲಿದ್ದೆ. ಯೋಚಿಸಿ ನೋಡಿದೆ. ಸೋಮವಾರ, ಗುರುವಾರ ಜಾಸ್ತಿ. ಆ ಎರಡು ದಿನ ಶಾಲೆ ಮುಗಿದಮೇಲೆ ಸ್ಕಾಲರ್‌ಶಿಪ್ ಕ್ಲಾಸ್ ಇದೆ, ಲೇಟಾಗಿ ವ್ಯಾನ್‌ನಲ್ಲಿ ಬರ್ತಾಳೆ. ನಮ್ಮ ಸೊಸೈಟಿನೇ ಕೊನೇ ಸ್ಟಾಪು. ಶನಿವಾರ ನನ್ನ ತಮ್ಮ ಕರ್ಕೊಂಡು ಬರ್ತಾನೆ, ಆವತ್ತು ಏನೂ ಇರಲ್ಲ.

ಚೆಂಬೂರ್: ಮೇಡಂ, ಗರ್ಲ್ಸ್ ಸ್ಕೂಲ್‌ನಲ್ಲಿ ಓದಿದ್ರೆ ಮುಂದೆ ಆಫೀಸಿನಲ್ಲಿ ಗಂಡಸರ ಜೊತೆ ಮಾತಾಡೋಕೆ ಕಷ್ಟ ಆಗಲ್ವಾ?

ಮೇಡಂ: ಚೆಂಬೂರ್, ಆಮೇಲೆ.

ವಾಕಡ್ ಅಮ್ಮ, ನೀವು ಬರೆದದ್ದನ್ನ ಎರಡು ಸಲ ಓದಿದೆ. ಕ್ಲಾಸಿನ ಹುಡುಗರು ವಾರದಲ್ಲಿ ಆರು ದಿನವೂ ಕ್ಲಾಸಿನಲ್ಲೇ ಇರ್ತಾರೆ. ಹೊಟ್ಟೆನೋವು ಮಾತ್ರ ಸೋಮವಾರ, ಗುರುವಾರ. ಏನೋ ಆಗಿಹೋಗಿದೆ ಅಂತ ನಾನು ಹೇಳ್ತಿಲ್ಲ. ಆ ಹೊತ್ತಿಗೆ ಶಾಲೆ ಖಾಲಿ, ಟಾಯ್ಲೆಟ್ಟಿಗೆ ಬೀಗ, ಅಷ್ಟೇ ಇದ್ದೀತು. ದೊಡ್ಡ ಕ್ಲಾಸಿನವರು ಯಾರೋ ಕಾಡ್ತಿದ್ದೀತು. ಆದರೆ ಆ ಸ್ಕಾಲರ್‌ಶಿಪ್ ಕ್ಲಾಸು ಮತ್ತು ವ್ಯಾನು, ಇವೆರಡನ್ನೂ ನಾನು ಸುಮ್ಮನೆ ದಾಟಿ ಹೋಗೋಳಲ್ಲ. ನಾಳೆ ಸೋಮವಾರ. ನಾಳೆ ಅವಳು ಆ ವ್ಯಾನ್ ಹತ್ತೋದು ಬೇಡ, ಕ್ಲಾಸಿಗೂ ಬೇಡ. ಕಾರಣ ಹೇಳಬೇಕಾಗಿಲ್ಲ, ಮನೆಯಲ್ಲಿ ಕೆಲಸ ಇದೆ ಅನ್ನಿ. ವ್ಯಾನಿನಲ್ಲಿ ಕೊನೇ ಸ್ಟಾಪಿನವರೆಗೆ ಮಕ್ಕಳನ್ನ ನೋಡ್ಕೊಳ್ಳೋ ಮಾವಶಿ ಇರ್ತಾರಾ, ಮಧ್ಯದಲ್ಲೇ ಇಳೀತಾರಾ, ಅದನ್ನು ಬೇರೆ ತಾಯಂದಿರನ್ನು ಕೇಳಿ ತಿಳ್ಕೊಳ್ಳಿ. ವ್ಯಾನ್ ಓಡಿಸೋ ಕಾಕಾನ್ನ ನೀವಾಗಿ ಕೇಳೋದು, ಗದರಿಸೋದು ಬೇಡ. ನಿಮ್ಮವರಿಗೂ ಇದನ್ನ ಹೇಳಿ, ಸಿಟ್ಟಿನಲ್ಲಿ ಗೇಟಿಗೆ ಹೋಗಿ ನಿಲ್ಲೋದು ಬೇಡ.

ಮಗಳನ್ನು ಎದುರು ಕೂಡಿಸ್ಕೊಂಡು ವಿಚಾರಣೆ ಮಾಡಬೇಡಿ. ತಲೆ ಬಾಚುವಾಗ, ಇಲ್ಲ ರಾತ್ರಿ ದೀಪ ಆರಿಸಿದ ಮೇಲೆ, ಮುಖ ನೋಡದೆ ಕೇಳಿ: ಗುರುವಾರ ಬರುವಾಗ ಬೇಜಾರಾಗುತ್ತಾ? ಅಷ್ಟೇ. ಹೇಳಿದರೆ ನಡುವೆ ಮಾತಾಡಬೇಡಿ. "ಯಾಕೆ ಮೊದಲೇ ಹೇಳಲಿಲ್ಲ" ಅನ್ನೋ ಮಾತು ಬಾಯಿಗೆ ಬಂದೇ ಬರುತ್ತೆ, ನುಂಗಿಕೊಳ್ಳಿ. ಮೈಮುಟ್ಟೋ ವಿಷಯ ಏನಾದರೂ ಬಂದರೆ ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆ ಇದೆ, ತಿಳಿದವರು ಪೊಲೀಸರಿಗೆ ಹೇಳಲೇಬೇಕು, ನಾನೂ ಹೇಳಲೇಬೇಕು. ಶಾಲೆಯ ಮರ್ಯಾದೆ, ಮನೆಯ ಮರ್ಯಾದೆ ಅಂತ ಯಾರಾದರೂ ಬಂದರೆ ಕೇಳಬೇಡಿ.

ಶಾಲೆ ಬದಲಾಯಿಸೋ ಮಾತು ಅವಳ ಕಿವಿಗೆ ಬಿದ್ದಿದೆಯಾ? ಬಿದ್ದಿದ್ದರೆ, ಅವಳ ಲೆಕ್ಕ ಹೀಗಿರುತ್ತೆ: ಹೇಳಿದರೆ ಗೆಳತಿಯರು ಹೋಗ್ತಾರೆ, ಸ್ಕಾಲರ್‌ಶಿಪ್ ಹೋಗುತ್ತೆ, ಮನೆಯಲ್ಲಿ ಕಾವಲು ಬರುತ್ತೆ. ನಾನು ನೋಡಿದ ಹುಡುಗಿಯರು ಬಾಯಿ ಮುಚ್ಚಿಕೊಂಡದ್ದು ಬಹಳ ಸಲ ಇದೇ ಭಯಕ್ಕೆ. ಆಮೇಲೆ ಗರ್ಲ್ಸ್ ಸ್ಕೂಲಿಗೆ ಹಾಕಿದರೆ ಅಲ್ಲಿಗೆ ಹೋಗೋದೂ ವ್ಯಾನಿನಲ್ಲೇ ತಾನೆ?

ಇನ್ನು ಇಲ್ಲಿ ಏನೂ ಬರೀಬೇಡಿ. ನಂಬರ್ ಅಡ್ಮಿನ್‌ಗೆ ಕಳಿಸಿ.

ಡೊಂಬಿವಲಿ: ಮೇಡಂ ಏನೇನೋ ಹೇಳಿ ಆ ಅಕ್ಕನನ್ನ ಹೆದರಿಸ್ತಾ ಇದಾರೆ. ಹುಡುಗರ ಶಾಲೆಯಿಂದ ತೆಗೆದ್ರೆ ಮುಗೀತು.

ಭಾಂಡೂಪ್: ಯಾವಾಗ್ಲೂ ಹುಡುಗಿಯನ್ನೇ ತೆಗೆಯುವುದಾ? ಹುಡುಗರನ್ನು ಯಾರೂ ತಿದ್ದುವುದು ಬೇಡವಾ? ನಿಮಗೆ ಇಬ್ಬರು ಗಂಡುಮಕ್ಕಳು, ಮಾತಾಡ್ಲಿಕ್ಕೆ ಸುಲಭ.

ಡೊಂಬಿವಲಿ: ನನ್ನ ಮಕ್ಕಳ ಸುದ್ದಿ ನಿಮಗೆ ಯಾಕೆ?

ಭಾಂಡೂಪ್: ಊರವರ ಹೆಣ್ಣುಮಕ್ಕಳ ಸುದ್ದಿ ನಿಮಗೆ ಯಾಕೆ ಹಾಗಾದ್ರೆ?

ಕೋಥ್ರೂಡ್ ಅಜ್ಜ: ಇಬ್ಬರೂ ಸುಮ್ಮಕಿರ್ರಿ. ಹಿರಿಯರು ಅದಾರ ಇಲ್ಲಿ.

ಡೊಂಬಿವಲಿ: ಅಜ್ಜ, ನೀವೇ ಶುರು ಮಾಡಿದ್ದು 1848ರಿಂದ.

ಅಡ್ಮಿನ್: ಇನ್ನೊಂದು ಮೆಸೇಜ್ ಹೀಗೇ ಬಂದ್ರೆ ಇಬ್ಬರನ್ನೂ ತೆಗೀತೀನಿ.

ಕಾತ್ರಜ್: ಮೇಡಂ, ಮಗಳು ಹತ್ತನೇತ್ತೆವರೆಗೆ ಗರ್ಲ್ಸ್ ಸ್ಕೂಲ್‌ನಾಗ ಕ್ಲಾಸಿಗೇ ಫಸ್ಟ್ ಇದ್ಲು. ಈಗ ಜೂನಿಯರ್ ಕಾಲೇಜು, ಸೈನ್ಸ್, ಕೋ-ಎಡ್. ಬಾಯಿನೇ ಬಿಡಂಗಿಲ್ಲ. ಪ್ರಾಕ್ಟಿಕಲ್‌ನಾಗ ಮಾರ್ಕ್ಸ್ ಹೋಗ್ಯಾವು. ಆರ್ಟ್ಸ್‌ಗೆ ಬರ್ತೀನಿ ಅಂತ ಅಳ್ತಾಳ.

ಮೇಡಂ: ಆರ್ಟ್ಸ್ ಅವಳಿಗೆ ಇಷ್ಟ ಅಂತಿದ್ರೆ ಹೋಗಲಿ, ಅಳ್ತಾ ಹೋಗೋದು ಬೇಡ. ಲ್ಯಾಬ್‌ನಲ್ಲಿ ಅವಳ ಜೋಡಿ ಯಾರು ಕೇಳಿ. ಹುಡುಗನ ಜೋಡಿ ಹಾಕಿದಾಗ ಪ್ರಯೋಗದ ಗಾಜಿನ ಕೊಳವೆ, ಬ್ಯುರೆಟ್, ಅವನ ಕೈಗೆ, ಬರೆಯೋ ಜರ್ನಲ್ ಇವಳ ಕೈಗೆ ಹೋಗೋದನ್ನ ನಾನು ಎಷ್ಟೋ ವರ್ಷದಿಂದ ನೋಡ್ತಾ ಬಂದಿದೀನಿ. ಯಾರೂ ಕಸಿದುಕೊಳ್ಳಲ್ಲ, ಹಾಗೇ ಆಗಿಬಿಡುತ್ತೆ. ಗರ್ಲ್ಸ್ ಸ್ಕೂಲಿನಲ್ಲಿ ಬರ್ನರ್ ಹಚ್ಚೋದರಿಂದ ಗಾಜು ತೊಳೆಯೋವರೆಗೆ ಇವಳೇ ಮಾಡ್ತಿದ್ಲು, ಅದು ಆ ಶಾಲೆ ಕೊಟ್ಟ ದೊಡ್ಡ ಉಡುಗೊರೆ. ಆ ಕೈಚಳಕ ಇವಳ ಹತ್ತಿರ ಇನ್ನೂ ಇದೆ. ಒಂದು ವಾರ ಬ್ಯುರೆಟ್ ನಾನೇ ಹಿಡೀತೀನಿ ಅಂತ ಮೊದಲೇ ಹೇಳೋಕೆ ಹೇಳಿ. ಲ್ಯಾಬ್ ಮೇಡಂ ಹತ್ತಿರ ನೀವೂ ಒಂದು ಮಾತು ಆಡಿ. ದೀಪಾವಳಿಯಿಂದ ದೀಪಾವಳಿವರೆಗೆ ಕಾಯೋದು ಬೇಡ, ಎರಡು ತಿಂಗಳು ನೋಡಿ ನನಗೆ ಬರೀರಿ.

ಠಾಣೆ: ಅಂದ್ರೆ ಒಟ್ಟಿನಲ್ಲಿ ಗರ್ಲ್ಸ್ ಸ್ಕೂಲ್ ಒಳ್ಳೇದು ಅಂತಾಯ್ತಾ?

ಮೇಡಂ: ಇಲ್ಲ.

ನಿಗಡಿ: ಫಾರ್ವರ್ಡ್: "ಪರೀಕ್ಷೆಗೆ ಮುಂಚೆ ಹೆಣ್ಣುಮಕ್ಕಳ ಏಕಾಗ್ರತೆಗೆ ಎಡಗಾಲಿಗೆ ಕಪ್ಪು ದಾರ..."

ಮೇಡಂ: ನಿಗಡಿಯವರೇ, ಮೇಲೆ ಒಂದು ಮಗುವಿನ ತಾಯಿ ಕೈ ನಡುಗಿಸ್ಕೊಂಡು ಬರೀತಿದಾರೆ. ನಿಮ್ಮ ದಾರದ ಕೆಳಗೆ ಆ ಮಾತು ಮುಚ್ಚಿಹೋಗ್ತಿದೆ. ಅಳಿಸಿ. ಈಗಲೇ.

ನಿಗಡಿ: ಕೇಳಿದ್ರೆ ತಪ್ಪಾ? ಡಾಕ್ಟರ್ ಅಲ್ಲದವರೂ ಸಲಹೆ ಕೊಡ್ತಾರೆ ಇಲ್ಲಿ.

ಡೊಂಬಿವಲಿ: ಅದೇ ನಾನೂ ಹೇಳಿದ್ದು.

ಮಡಗಾಂವ್: ಮೇಡಂ, ಹುಡುಗಿಯರ ಶಾಲೆಯಲ್ಲಿ ಫುಟ್‌ಬಾಲ್ ಕಲಿಸ್ತಾರಾ? ಮಗಳಿಗೆ ಬಹಳ ಆಸೆ.

ವಾಕಡ್ ಅಮ್ಮ: ಮೇಡಂ, ನಂಬರ್ ಕಳಿಸಿದೀನಿ. ಅವಳ ಬಾಗಿಲು ತೆಗೆದು ನೋಡಿದೆ, ಬ್ಯಾಗ್ ಜೋಡಿಸಿಟ್ಟು ಹಾಗೇ ಕೂತಿದಾಳೆ. ನಾಳೆ ವ್ಯಾನ್ ಬೇಡ, ನಾನೇ ಬಿಡ್ತೀನಿ, ನಾನೇ ಕರ್ಕೊಂಡು ಬರ್ತೀನಿ ಅಂದೆ. ಏನೂ ಕೇಳಲಿಲ್ಲ, ಬಂದು ತಬ್ಬಿಕೊಂಡು ಬಿಟ್ಟಳು.

ಮೇಡಂ: ನಾನು ಇಲ್ಲಿಂದ ಹೋಗ್ತಿದೀನಿ. ಉಳಿದ ಪ್ರಶ್ನೆ ಇವತ್ತು ಆಗಲ್ಲ. ವಾಕಡ್ ಅಮ್ಮ, ಅವಳು ಮಲಗಿದ ಮೇಲೆ ಬಾಲ್ಕನಿಗೆ ಬನ್ನಿ, ಎಷ್ಟು ಹೊತ್ತಾದರೂ ಸರಿ. ಫೋನ್ ಮಾಡ್ತೀನಿ.

ವಾಕಡ್ ಅಮ್ಮ: ಆಯ್ತು ಮೇಡಂ. ಇವತ್ತು ಅವಳ ಪಕ್ಕದಲ್ಲೇ ಮಲಗ್ತೀನಿ. ಅವಳಿಗೆ ನಿದ್ದೆ ಬಂದ ಕೂಡಲೇ ಎದ್ದು ಬಂದು ಮೆಸೇಜ್ ಹಾಕ್ತೀನಿ.