ತಾಯಿಗೆ ಕೋಡಿಲ್ಲ, ಕರುವಿಗೆ ಹೇಗೆ ಬಂತು?

ಪ್ರಶ್ನೆ (ಬ್ಯಾಡಗಿ ತಾಲೂಕು): ಡಾಕ್ಟರ್ ಸರ್, ನಮಸ್ಕಾರ. ಹೋದ ವರ್ಷ ಹಾವೇರಿ ಸಂತೆಯಲ್ಲಿ ಕೋಡಿಲ್ಲದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನುವ ವಿದೇಶಿ ಹಾಲಿನ ತಳಿ) ಆಕಳು ತಂದಿದ್ದೆವು. ಎಚ್‌ಎಫ್ ಸೆಮೆನ್ನೇ (ಹೋರಿಯ ವೀರ್ಯ) ಹಾಕಿಸಿದ್ದು. ಹುಟ್ಟಿದ ಹೆಣ್ಣುಗರುವಿಗೆ ಈಗ ಮೂರು ವಾರ, ನೆತ್ತಿಯ ಎರಡೂ ಕಡೆ ಗುಂಡಗೆ ಮೊಳಕೆ ಕೈಗೆ ಹತ್ತುತ್ತಿದೆ. ಬೇರೆ ಜಾತಿಯದು ಹಾಕಿ ಹೋಗಿದ್ದಾರೆ ಅಂತ ಅಪ್ಪ ಸಿಟ್ಟಾಗಿದ್ದಾರೆ. ಹೌದಾ? ಕೋಡು ಈಗಲೇ ಸುಡಿಸಬಹುದಾ?

ಉತ್ತರ: ಸೆಮೆನ್ ಹಾಕಿದವರನ್ನು ಬೈಬೇಡಿ. ಎಚ್‌ಎಫ್ ದನಗಳಿಗೆ ಹುಟ್ಟಾ ಕೋಡು ಇರುವುದೇ ಜಾಸ್ತಿ, ಡೈರಿಯವರು ಸಣ್ಣ ಕರುವಿದ್ದಾಗಲೇ ಸುಡಿಸಿಬಿಡುತ್ತಾರೆ. ಕೋಡು ಸುಡಿಸಿದ್ದು ಮುಂದಿನ ಪೀಳಿಗೆಗೆ ಹೋಗುವುದಿಲ್ಲ, ಕರುವಿಗೆ ಕೋಡು ಮೂಡಬಹುದು. ನಿಮ್ಮ ಆಕಳ ನೆತ್ತಿ ಮುಟ್ಟಿ ನೋಡಿ. ಅಗಲವಾಗಿದ್ದು ಎರಡೂ ಬದಿ ಕೂದಲಿಲ್ಲದ ಗಟ್ಟಿ ಕಲೆ ಸಿಕ್ಕರೆ ಸುಡಿಸಿದ್ದು. ಹುಟ್ಟಾ ಬೋಳಾದರೆ, ಅಂದರೆ ಹುಟ್ಟಿನಿಂದಲೇ ಕೋಡಿಲ್ಲದ್ದಾದರೆ, ನೆತ್ತಿ ನಡುವೆ ಎತ್ತರಕ್ಕೆ ಚೂಪಾಗಿರುತ್ತದೆ, ಆಂಗಸ್ ಜಾತಿಯ ದನಗಳ ಹಾಗೆ. ಬೋಳಿನ ಗುಣ ಕೋಡಿನ ಗುಣಕ್ಕಿಂತ ಜೋರು, ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಕರು ಬೋಳೇ. ಆದರೆ ಬೋಳು ಆಕಳ ಒಳಗೂ ಕೋಡಿನ ಗುಣ ಒಂದು ಪಾಲು ಅಡಗಿರಬಹುದು, ಆಗ ಕೋಡಿರುವ ಹೋರಿಯ ಸೆಮೆನ್ ಬಿದ್ದರೆ ಕರುವಿಗೆ ಕೋಡು ಬರುವ ಸಾಧ್ಯತೆ ಅರ್ಧಕ್ಕರ್ಧ.

ಸುಡಿಸಲು ಇದೇ ಸರಿಯಾದ ಹೊತ್ತು. ಮೊಳಕೆ ಇನ್ನೂ ಚರ್ಮದ ಜೊತೆ ಅಲುಗಾಡುತ್ತದೆ ಅಲ್ವಾ, ಸುಮಾರು 2 ತಿಂಗಳಾದ ಮೇಲೆ ತಲೆಬುರುಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಕೋಡು ಬೆಳೆದಂತೆ ಒಳಗೆ ಟೊಳ್ಳಾಗುತ್ತದೆ, ದೊಡ್ಡದಾದ ಮೇಲೆ ಕೊಯ್ದರೆ ತಲೆಯೊಳಗಿನ ಟೊಳ್ಳೇ ತೆರೆದುಕೊಳ್ಳುತ್ತದೆ, ರಕ್ತ, ಕೀವು, ಹುಳ ಎಲ್ಲಾ ತಾಪತ್ರಯ. ಕಣ್ಣಿಗೂ ಕೋಡಿಗೂ ನಡುವೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹತ್ತು ನಿಮಿಷ ಕಾದು, ಬಿಸಿ ಕಬ್ಬಿಣ ಒತ್ತಬೇಕು. ಬುಡದ ಸುತ್ತ ತಾಮ್ರದ ಬಣ್ಣದ ಉಂಗುರ ಬಿದ್ದರೆ ಸಾಕು. ನೋವಿನ ಔಷಧಿಯನ್ನೂ ಕೇಳಿ ಹಾಕಿಸಿಕೊಳ್ಳಿ, ಸುಮ್ನೆ ನಾಲ್ಕು ಜನ ಅಮುಕಿ ಹಿಡಿದು ಸುಡುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಶ್ನೆ (ಶಿರಹಟ್ಟಿ): ಸರ್, ಕರುವಿಗೆ ಕೋಡು ಬಾರದಂತೆ ಹಚ್ಚುವ ಪೇಸ್ಟ್ ಅಂಗಡಿಯಲ್ಲಿ ಸಿಗುತ್ತದಂತೆ? ಮತ್ತೆ ನಮ್ಮ ಕಿಲಾರಿ ಎತ್ತು ಒಂದು ಕೋಡನ್ನು ಸದಾ ಗೂಟಕ್ಕೆ ತಿಕ್ಕುತ್ತದೆ, ಅದೇ ಕಡೆ ಮೂಗಲ್ಲಿ ರಕ್ತ.

ಉತ್ತರ: ಪೇಸ್ಟ್ ಹುಟ್ಟಿದ ಮೊದಲ ವಾರದಲ್ಲಿ ಮಾತ್ರ. ಮಳೆಗೆ ಕರಗಿ ಕಣ್ಣಿಗಿಳಿದರೆ ಕಷ್ಟ, ತಾಯಿ ನೆಕ್ಕಿದರೆ ನಾಲಿಗೆ ಸುಡುತ್ತದೆ. ಎತ್ತಿನ ವಿಷಯ ಬೇರೆ, ತಡ ಮಾಡಬೇಡಿ. ಅದು ಕೋಡಿನ ಕ್ಯಾನ್ಸರ್ ಇರಬಹುದು, ವಯಸ್ಸಾದ ಎತ್ತುಗಳಲ್ಲೇ ಜಾಸ್ತಿ. ಕೋಡು ವಾಲುವ ಮೊದಲೇ ಆಪರೇಷನ್ ಆದರೆ ಒಳ್ಳೆಯದು. ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ನೊಗ ಹೂಡಬೇಡಿ.