ಸಂಗೀತ ಕಛೇರಿಗೆ ಬುರ್ಖಾ ಹಾಕಿಕೊಂಡು ಹೋದರೆ ಯಾಕೆ ಹಾಗೆ ನೋಡುತ್ತಾರೆ?

ಮಂಡಿ ಮೊಹಲ್ಲಾ ಹುಡುಗಿ:
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲೇ ಹುಟ್ಟಿ ಬೆಳೆದವಳು, ಮುಸ್ಲಿಂ. ಕರ್ನಾಟಕ ಸಂಗೀತ ಅಂದ್ರೆ ಪ್ರಾಣ. ಮೊನ್ನೆ ಒಂದು ಸಂಗೀತ ಸಭೆಯ ಕಛೇರಿಯಲ್ಲಿ ಮಿಶ್ರ ಛಾಪು (ಏಳು ಎಣಿಕೆಯ ತಾಳ) ಕೃತಿಗೆ ತೊಡೆ ಮೇಲೆ ತಾಳ ಹಾಕುತ್ತಾ ಕೂತಿದ್ದೆ. ಪಕ್ಕದವರು ಹಾಡುವವರನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ "ಪರವಾಗಿಲ್ವೇ, ನಿಮಗೂ ತಾಳ ಗೊತ್ತಾಗುತ್ತಾ?" ಅಂದರು. ಬೈದದ್ದಲ್ಲ, ಹೊಗಳಿದ್ದೇ. ಆದರೂ ಮುಂದಿನ ಸ್ವರ ಪ್ರಸ್ತಾರ, ಅಂದ್ರೆ ಸರಿಗಮ ಸ್ವರಗಳನ್ನು ಹೆಣೆದು ಹಾಡೋ ಭಾಗ, ನನ್ನ ಕಿವಿಗೆ ಬೀಳಲೇ ಇಲ್ಲ. ಅಮ್ಮಿಯನ್ನೂ ಕರ್ಕೊಂಡು ಹೋಗೋಣ ಅಂತಿದ್ದೆ, ಈಗ ಹಿಂಜರಿಕೆ. ನಿಮಗೆ ಯಾರಿಗಾದರೂ ಹೀಗಾಗಿದೆಯಾ?

ಹಳೇ ರಸಿಕ, ವಿ.ವಿ. ಮೊಹಲ್ಲಾ:
ಬೇಜಾರು ಮಾಡ್ಕೋಬೇಡಮ್ಮ, ಕುತೂಹಲಕ್ಕೆ ಕೇಳಿರಬಹುದು. ಹೆಸರಾಂತ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರು 1928ರಲ್ಲಿ ನಮ್ಮ ಅರಮನೆಯ ಆಸ್ಥಾನಕ್ಕೆ ಬಂದರು, 1930ರಲ್ಲಿ ತೀರಿಕೊಂಡಿದ್ದೂ ಇದೇ ಊರಲ್ಲಿ. ನಾಗಸ್ವರದ ಶೇಖ್ ಚಿನ್ನ ಮೌಲಾನಾ ಅವರಿಗೆ 1998ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಪ್ರಶಸ್ತಿ ಕೊಟ್ಟಿತು. ಸಂಗೀತಕ್ಕೆ ಜಾತಿ ಇಲ್ಲ ತಾಯಿ.

ಮಂಡ್ಯದವನು:
ಸರ್, ಸಂಗೀತಕ್ಕೆ ಇಲ್ಲ, ಕೇಳೋಕೆ ಕೂತವರಿಗೆ ಇದೆ ಅಲ್ವಾ? ಮೌಲಾನಾ ಅವರ ನಾಗಸ್ವರಕ್ಕೆ ತಲೆದೂಗುವವರೇ ಪಕ್ಕದ ಕುರ್ಚಿಯಲ್ಲಿ ಬುರ್ಖಾ ಕಂಡರೆ ತಿರುಗಿ ತಿರುಗಿ ನೋಡುತ್ತಾರೆ. ನಾನು ದಲಿತರ ಮನೆಯವನು. "ಮನೇಲಿ ಯಾರು ಹಾಡ್ತಾರೆ, ಯಾವ ಕಡೆಯವರು" ಅಂತ ನನ್ನನ್ನು ವಿಚಾರಿಸುತ್ತಾರೆ. ಯಾಕೆ ಕೇಳುತ್ತಿದ್ದಾರೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ವಿಷಯ. ಕಛೇರಿಯ ಕರಪತ್ರ ದೇವಸ್ಥಾನದ ಬಾಗಿಲಲ್ಲಿ ಸಿಗುತ್ತೆ, ಪಾಠ ಹೇಳೋರ ಮನೇಲಿ ಸಿಗುತ್ತೆ. ನಮ್ಮ ಕೇರಿಗೆ, ಇವರ ಮೊಹಲ್ಲಾಗೆ ಯಾರು ತಂದು ಕೊಟ್ಟಿದ್ದಾರೆ ಹೇಳಿ? ಕರೆಯೋದೂ ಇಲ್ಲ, ಆಮೇಲೆ ಅವರಿಗೆ ಆಸಕ್ತಿ ಇಲ್ಲ ಅಂತ ತೀರ್ಮಾನ ಬೇರೆ.

ವೀಣೆ ಟೀಚರ್:
ತಂಗಿ, ಅಮ್ಮನನ್ನು ಖಂಡಿತ ಕರ್ಕೊಂಡು ಬಾ. ಮೊದಲು ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಪೆಂಡಾಲ್ ಕಛೇರಿ, ಇಲ್ಲಾಂದ್ರೆ ದಸರಾದಲ್ಲಿ ಅರಮನೆ ಮುಂದಿನ ಕಛೇರಿ. ಅಲ್ಲಿ ಎಲ್ಲಾ ತರದ ಜನ ಇರುತ್ತಾರೆ. ಯಾರಾದರೂ "ನಿಮಗೂ ಗೊತ್ತಾಗುತ್ತಾ" ಅಂದರೆ ಸುಮ್ನೆ ನಕ್ಕು ಬಿಡಬೇಡ, "ಹೌದು, ಗೊತ್ತಾಗುತ್ತೆ, ಯಾಕೆ ಕೇಳಿದಿರಿ?" ಅನ್ನು. ಉತ್ತರ ಕೊಡಬೇಕಾದವರು ಅವರು. ಪಕ್ಕದಲ್ಲಿ ಕೂತ ನಮ್ಮಂಥವರೂ ಆಗ ಬಾಯಿ ಬಿಡಬೇಕು, ಎಲ್ಲಾ ನಿನ್ನ ತಲೆಗೇ ಕಟ್ಟೋದು ಸರಿಯಲ್ಲ.

ಮಂಡಿ ಮೊಹಲ್ಲಾ ಹುಡುಗಿ:
ಥ್ಯಾಂಕ್ಸ್ ಅಕ್ಕಾ. ಅಮ್ಮಿಗೆ ಮೃದಂಗ ಅಂದ್ರೆ ಇಷ್ಟ, ತನಿ ಆವರ್ತನೆ (ತಾಳವಾದ್ಯದವರು ಮಾತ್ರ ನುಡಿಸೋ ಭಾಗ) ಮುಗಿಯೋವರೆಗೂ ಏಳಲ್ಲ. ಮಂಡ್ಯದ ಅಣ್ಣ ಹೇಳಿದ ಕರಪತ್ರದ ಮಾತು ನೂರಕ್ಕೆ ನೂರು ನಿಜ. ಸಭೆಯವರು ಯಾರಾದರೂ ಇಲ್ಲಿದ್ದರೆ ಒಂದು ಕಟ್ಟು ಕೊಡಿ, ನಮ್ಮ ಬೀದಿಗೆ ನಾನೇ ಹಂಚುತ್ತೇನೆ.