ಉ: ಕಯಾಕಿಂಗ್‌ಗೆ ಕನ್ನಡ ಪದ ಬೇಕು (ನಾಳೆ ಬೆಳಗ್ಗೆ ಪ್ರಿಂಟಿಗೆ)

> ಆಫೀಸಿನ ಗೆಳೆಯರೆಲ್ಲ ಹೊನ್ನಾವರಕ್ಕೆ ಕಯಾಕಿಂಗ್‌ಗೆ ಹೊರಟಿದ್ದೇವೆ. ಸೂಚನೆ ಕನ್ನಡದಲ್ಲೇ ಇರಲಿ ಅಂತ ಆಸೆ. "ಶರಾವತಿ ಹಿನ್ನೀರಿನಲ್ಲಿ ಕಿರುನಾವೆ ವಿಹಾರ" ಸರಿಯಾ?

ಸರಿಯಿಲ್ಲ. ಕಿರುನಾವೆ ಆಮೇಲೆ ನೋಡೋಣ, ಮೊದಲು ಹಿನ್ನೀರು ತೆಗೆಯಿರಿ.

ಶರಾವತಿ ಹಿನ್ನೀರು ಅಂದರೆ ಲಿಂಗನಮಕ್ಕಿ. 1964ರ ಅಣೆಕಟ್ಟಿನಿಂದ ಘಟ್ಟದ ಮೇಲೆ ನಿಂತ ನೀರು ಅದು. ಅಲ್ಲಿ ಸಾಗರ ತಾಲ್ಲೂಕಿನ ಹೊನ್ನೆಮರಡಿನಲ್ಲೂ ಕಯಾಕ್ ಎಂಬ ಸಣ್ಣ ದೋಣಿ ಓಡಿಸುತ್ತಾರೆ. ಸೂಚನೆ ನೋಡಿ ಯಾರಾದರೂ ನೇರ ಅಲ್ಲಿಗೇ ಹೋದರೆ ತಪ್ಪು ಅವರದ್ದಲ್ಲ. ನೀವು ಹೋಗುವುದು ಅದೇ ಹೊಳೆ ಸಮುದ್ರ ಸೇರುವ ಕಡೆಗೆ. ಅದಕ್ಕೆ ಅಳಿವೆ ಅನ್ನುತ್ತಾರೆ. ಹಿನ್ನೀರು ಕಟ್ಟೆಯ ಹಿಂದೆ ನಿಲ್ಲುತ್ತದೆ. ಅಳಿವೆಯಲ್ಲಿ ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಉಪ್ಪುನೀರು ಹೊಳೆಗೆ ಏರುತ್ತದೆ, ಇಳಿತದಲ್ಲಿ ನೀರೆಲ್ಲ ಅಳಿವೆ ಬಾಗಿಲ ಕಡೆ ಸೆಳೆಯುತ್ತದೆ. ಕಯಾಕ್‌ನಲ್ಲಿ ಕೂತ ಹೊಸಬರಿಗೆ ಈ ವ್ಯತ್ಯಾಸ ತೋಳಿಗೇ ಗೊತ್ತಾಗುತ್ತದೆ.

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳಿಗೆ ಕಾಂಡ್ಲಾ ಅನ್ನಿ. ಹೊನ್ನಾವರದ ಪಕ್ಕ ಕಾಸರಕೋಡಿನಲ್ಲಿ ಅರಣ್ಯ ಇಲಾಖೆ ಮಾಡಿದ ಮರದ ನಡೆದಾರಿಗೂ ಅದೇ ಹೆಸರಿದೆ.

> ತೊಗಲುದೋಣಿ ಎನ್ನಿ, ಕಯಾಕ್ ಪದದ ಮೂಲವೂ ಉಳಿಯುತ್ತದೆ.

ಬೇಡ. ತೊಗಲು ಹೊದಿಸುತ್ತಿದ್ದವರು ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ. ಈಗ ಬಾಡಿಗೆಗೆ ಸಿಗುವುದು ಪ್ಲಾಸ್ಟಿಕ್‌ನದು. ನಮ್ಮಲ್ಲಿ ತೊಗಲು ಅಂದರೆ ನೆನಪಾಗುವುದು ತುಂಗಭದ್ರೆಯ ದುಂಡು ಹರಿಗೋಲು.

> ದೋಣಿಯೇ ಸಂಸ್ಕೃತದ ದ್ರೋಣಿ. ಕಿರಿಯೋಡ ಅಚ್ಚಗನ್ನಡ.

ತಮಿಳು, ಮಲಯಾಳಂನಲ್ಲಿ ತೋಣಿ ಇದೆ. ಅದನ್ನು ಪಕ್ಕಕ್ಕಿಟ್ಟು ತೀರ್ಪು ಕೊಡಬೇಡಿ. ಓಡ ಹಳಗನ್ನಡದ್ದು, ತುಳುವಿನಲ್ಲೂ ಇದೆ, ಒಳ್ಳೆಯ ಪದ. ಆದರೆ ಕಿರಿಯೋಡ ಅಂದರೆ ಈ ಸೂಚನೆ ಓದುವ ಒಬ್ಬರಿಗೂ ತಿಳಿಯುವುದಿಲ್ಲ.

ಕರಾವಳಿಯ ಪಾತಿ ದೋಣಿಯ ಹೆಸರನ್ನೇ ಕೊಡಬಹುದಲ್ಲ ಅಂದರೆ, ಅದು ಹತ್ತಿರದ್ದು, ಒಪ್ಪುತ್ತೇನೆ. ಒಬ್ಬಿಬ್ಬರು ಕೂರುವ ಸಪೂರ ದೋಣಿ. ಆದರೆ ಪಾತಿಗೆ ಅದರದ್ದೇ ಕೆಲಸ ಇದೆ, ಬಲೆ ಬಿಡುವುದು, ಮೀನು ತರುವುದು. ಅದರ ಹೆಸರನ್ನು ಪ್ರವಾಸಿಗರ ದೋಣಿಗೆ ಕೊಟ್ಟರೆ ಪಾತಿಯನ್ನು ಇನ್ನೇನೆಂದು ಕರೆಯುವುದು?

ಹಾಗಾಗಿ ಕಿರುನಾವೆಯೂ ಬೇಡ, ಕಯಾಕ್ ಅಂತಲೇ ಬರೆಯಿರಿ. ಇಂಗ್ಲಿಷ್ ಪದ ಅಂತ ಸಿಟ್ಟು ಮಾಡಿದವರಿಗೆ: ಇಂಗ್ಲಿಷಿನವರೂ ಅದನ್ನು ಇನ್ಯೂಟ್ ಮಾತಿನಿಂದ ತಂದದ್ದೇ. ಪೋರ್ಚುಗೀಸರ ಚಾವಿ, ಪಗಾರ ನಮ್ಮ ಬಾಯಲ್ಲಿ ಕನ್ನಡ ಆಗಿಲ್ವಾ? ಹೊಸ ವಸ್ತು ತನ್ನ ಹೆಸರಿನ ಜೊತೆ ಬಂದರೆ ನನ್ನ ತಕರಾರಿಲ್ಲ. ಸಂಕಟ ಆಗುವುದು ಪ್ಯಾಡಲ್ ಅಂತ ಬರೆದಾಗ. ದೋಣಿ ನಡೆಸುವ ಹುಟ್ಟು ಇದೆಯಲ್ಲ! ಕಯಾಕ್‌ನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು, ಅಷ್ಟೇ. ಹೊಸಪದ ಹೊಸೆಯುವವರೂ ಇಂಗ್ಲಿಷ್ ತುರುಕುವವರೂ ಅಳಿವೆ, ಭರತ, ಹುಟ್ಟು ಇವನ್ನು ಒಮ್ಮೆಯೂ ಕೇಳದವರ ಹಾಗೆ ಬರೆಯುತ್ತಾರೆ. ಕರಾವಳಿಯವರನ್ನು ಯಾರೂ ಕೇಳುವುದೇ ಇಲ್ಲ. ನನ್ನ ಸಿಟ್ಟು ಅದಕ್ಕೆ.

ಪ್ರಿಂಟಿಗೆ ಹೀಗೆ ಕೊಡಿ:

"ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಯಾಕಿಂಗ್. ಜೊತೆಗೆ ಗೈಡ್ ಇರುತ್ತಾರೆ. ಹುಟ್ಟು ಹಾಕುವುದನ್ನು ದಡದಲ್ಲೇ ಹೇಳಿಕೊಡುತ್ತಾರೆ. ಈಜು ಬಂದರೂ ಲೈಫ್ ಜಾಕೆಟ್ ಕಡ್ಡಾಯ. ಅಳಿವೆ ಬಾಗಿಲ ಕಡೆ ಹೋಗಬಾರದು. ಹೊರಡುವ ಹೊತ್ತನ್ನು ಭರತ ನೋಡಿ ತಿಳಿಸುತ್ತೇವೆ."

ಗೈಡ್ ಬದಲು ಮಾರ್ಗದರ್ಶಿ ಅಂದರೂ ನಡೆಯುತ್ತದೆ. ಕೊನೆಯ ಸಾಲು ಮಾತ್ರ ಬಿಡಬೇಡಿ. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಕಾಂಡ್ಲಾ ನಡುವಿನ ಸಣ್ಣ ತೋಡುಗಳಿಗೆ ನೀರು ಏರಿದಾಗಲೇ ನುಗ್ಗಬೇಕು, ಇಳಿದ ಮೇಲೆ ಬರೀ ಕೆಸರು. ಸುಮ್ನೆ "ಬೆಳಗ್ಗೆ 9ಕ್ಕೆ" ಅಂತ ಹಾಕಬೇಡಿ. ಇವತ್ತೇ ಗೈಡ್‌ಗೆ ಫೋನ್ ಮಾಡಿ ಆ ದಿನದ ಹೊತ್ತು ಕೇಳಿಕೊಳ್ಳಿ.